1975ರ ಡಾಜ್ ಮೋಟಾರ್‌ಹೋಮ್: ಆಟೋ ಗೇರ್‌ಬಾಕ್ಸ್‌ಗೆ ಹೊರಗಿನಿಂದ ಫಿಲ್ಟರ್ ಹಾಕಬಹುದಾ?

ಔಂಧ್‌ನ ತೇರು (ಪುಣೆ)

ಎಲ್ಲರಿಗೂ ನಮಸ್ಕಾರ. ಹಳೇ ಸದಸ್ಯರಿಗೆ ನನ್ನ ಗಾಡಿ ಗೊತ್ತು. ಹೊಸಬರಿಗೆ ಹೇಳುತ್ತೇನೆ. ಡಾಜ್ ಚಾಸಿ ಮೇಲೆ ಕಟ್ಟಿದ 1975ರ ಅಮೆರಿಕನ್ ಮೋಟಾರ್‌ಹೋಮ್. ಸ್ಟೇರಿಂಗ್ ಎಡಗಡೆ. 440 ಕ್ಯೂಬಿಕ್ ಇಂಚಿನ ವಿ-8, ಅಂದರೆ 7.2 ಲೀಟರ್. ಗೇರ್‌ಬಾಕ್ಸ್ ಮೂರು ಗೇರಿನ ಟಾರ್ಕ್‌ಫ್ಲೈಟ್ 727. ಅಲಿಬಾಗ್ ಕಡೆಯ ಒಂದು ಶೆಡ್ಡಿನಲ್ಲಿ ವರ್ಷಗಟ್ಟಲೆ ಕೋಳಿಗಳಿಗೆ ಮನೆಯಾಗಿತ್ತು. ನಮ್ಮ ಅಮ್ಮ ಇದನ್ನು ತೇರು ಎನ್ನುತ್ತಾರೆ. ಎಳೆಯಲು ಊರೆಲ್ಲ ಬೇಕು ಅಂತ.

ಈಗ ವಿಷಯ. ಎರಡು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಬಿಚ್ಚಿಸಿ ಕ್ಲಚ್ ಪ್ಲೇಟು, ಸೀಲು ಎಲ್ಲ ಬದಲಿಸಿದ್ದೆ. ಅಲ್ಲಿಂದ ಓಡಿದ್ದು ಬರೀ 1500 ಕಿಲೋಮೀಟರ್. ಮೊನ್ನೆ ಚೇಂಬರ್ (ಗೇರ್‌ಬಾಕ್ಸ್ ತಳದ ಎಣ್ಣೆ ತಟ್ಟೆ) ಇಳಿಸಿ ನೋಡಿದರೆ ತಳದಲ್ಲಿ ಬೂದು ಬಣ್ಣದ ಗೊಜ್ಜು, ನಡುನಡುವೆ ಕರಿ ಚುಕ್ಕೆ. ಎಣ್ಣೆಯ ಕೆಂಪು ಹೋಗಿ ಚಹಾದ ಬಣ್ಣ ಬಂದಿದೆ. ಖಂಬಾಟ್ಕಿ ಘಾಟಿ ಹತ್ತುವಾಗ ಎಣ್ಣೆಯ ಮೀಟರ್ 115 ಡಿಗ್ರಿ ತೋರಿಸಿತ್ತು.

ಗೇರ್‌ಬಾಕ್ಸ್ ಎಣ್ಣೆ ತಣಿಸಲು ರೇಡಿಯೇಟರ್ ಒಳಗೆ ಒಂದು ಕೂಲರ್ ಇದೆಯಲ್ಲ, ಅದರ ಪೈಪಿನ ನಡುವೆ ಹೊರಗಿನ ಫಿಲ್ಟರ್ ಒಂದನ್ನು ಹಾಕೋಣ ಅಂತಿದ್ದೇನೆ. ಕೂಲರ್‌ಗೆ ಮೊದಲು ಹಾಕಬೇಕಾ, ಆಮೇಲಾ? ಪೈಪಿನಲ್ಲೇ ಕೂರುವ ಚಿಕ್ಕದು ಒಳ್ಳೆಯದಾ, ಇಂಜಿನ್ ಫಿಲ್ಟರ್ ತರಹ ತಿರುಗಿಸಿ ಕೂರಿಸುವ ಡಬ್ಬಿ ಒಳ್ಳೆಯದಾ? ಮಾಡಿದವರು ಹೇಳಿ.

ಡೊಂಬಿವಲಿ 8.13 ಲೋಕಲ್ (ಮುಂಬೈ)

ನನ್ನದೊಂದು ಅಡ್ಡಪ್ರಶ್ನೆ. ಇಷ್ಟು ವರ್ಷ ಹೊರಗಿನ ಫಿಲ್ಟರ್ ಇಲ್ಲದೆ ಓಡಿತಲ್ಲ? ಕಂಪನಿಯವರಿಗೆ ಬೇಕು ಅನಿಸಿದ್ದರೆ ಅವರೇ ಹಾಕುತ್ತಿರಲಿಲ್ವಾ?

ಮಾಟುಂಗಾ ಮಾಮ (ಮುಂಬೈ)

ಲೋಕಲ್ ಕೇಳಿದ್ದು ನ್ಯಾಯವಾದ ಪ್ರಶ್ನೆ. 727ರ ಚೇಂಬರ್ ಒಳಗೆ ಒಂದು ಫಿಲ್ಟರ್ ಇದ್ದೇ ಇರುತ್ತದೆ, ಮೂರು ಸ್ಕ್ರೂನಲ್ಲಿ ಕೂತಿರುತ್ತದೆ. ಪಂಪು ಅದರ ಮೂಲಕವೇ ಎಣ್ಣೆ ಹೀರಬೇಕು. ತುಂಬಾ ಸಣ್ಣ ಜರಡಿ ಇಟ್ಟರೆ ಹೀರಲು ಆಗುವುದಿಲ್ಲ, ಅದಕ್ಕೇ ಅದು ಒರಟು ಜರಡಿ. ಸಣ್ಣ ಪುಡಿ ಹಿಡಿಯುವುದು ಅದರ ಕೆಲಸವೇ ಅಲ್ಲ. ಹೊರಗಿನ ಫಿಲ್ಟರ್ ಕೂರುವುದು ಪಂಪು ತಳ್ಳುವ ಕಡೆ. ಹಾಗಾಗಿ ಅದು ನವಿರಾದ ಜರಡಿಯಾಗಿದ್ದರೂ ನಡೆಯುತ್ತದೆ. ಹಾಕುವುದು ಒಳ್ಳೆಯದೇ.

ಆದರೆ ನೋಡಪ್ಪಾ ತೇರು, ನೀನು ಕೇಳಬೇಕಾದ್ದು ಬೇರೆ. ಈ ಪುಡಿ ಬಂದಿದ್ದು ಎಲ್ಲಿಂದ? ಫಿಲ್ಟರ್ ಕಸ ಹಿಡಿಯುತ್ತದೆ, ಕಸ ಹುಟ್ಟುವುದನ್ನು ನಿಲ್ಲಿಸುವುದಿಲ್ಲ. ಬೂದು ಗೊಜ್ಜು ಸ್ವಲ್ಪ ಇದ್ದರೆ ಚಿಂತೆ ಬೇಡ, ಹೊಸ ಪ್ಲೇಟು ಪಳಗುವಾಗ ಬರುತ್ತದೆ. ಕರಿ ಚುಕ್ಕೆ, ಚಹಾ ಬಣ್ಣ, 115 ಡಿಗ್ರಿ ಮೂರೂ ಒಟ್ಟಿಗೆ ಬಂದಿವೆ ಅಂದರೆ ಪ್ಲೇಟು ಸುಡುತ್ತಿದೆ.

ಮೊದಲು ಥ್ರಾಟಲ್ ಲಿಂಕೇಜ್ ನೋಡು. ಕಾರ್ಬುರೇಟರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಆ ಕಡ್ಡಿ ಬರೀ ಕಿಕ್‌ಡೌನ್‌ಗೆ (ಜೋರಾಗಿ ಒತ್ತಿದಾಗ ಗೇರ್ ಇಳಿಸಲು) ಅಂತ ಸುಮಾರು ಮೆಕ್ಯಾನಿಕ್‌ಗಳು ತಿಳಿದಿದ್ದಾರೆ. ಅಲ್ಲ. ಒಳಗಿನ ಒತ್ತಡವೇ ಅದರ ಮೇಲೆ ನಿಂತಿದೆ. ಅದು ಸಡಿಲ ಇದ್ದರೆ ಗೇರ್ ಬೇಗ ಬೇಗ, ಬೆಣ್ಣೆಯ ಹಾಗೆ ಮೆತ್ತಗೆ ಬೀಳುತ್ತದೆ. ಓಡಿಸುವವನಿಗೆ ಖುಷಿ. ಒಳಗೆ ಪ್ಲೇಟು ಜಾರುತ್ತಿರುತ್ತದೆ.

ಎರಡನೆಯದು, ವಾಪಸ್ ಬರುವ ಎಣ್ಣೆ ಎಷ್ಟು ಹರಿಯುತ್ತಿದೆ ಅಂತ ಅಳೆ. ಇದನ್ನು ಮಾಡದೆ ಫಿಲ್ಟರ್ ಹಾಕಬೇಡ. ಯಾಕೆಂದರೆ ಕೂಲರ್‌ನಿಂದ ವಾಪಸ್ ಬರುವ ಎಣ್ಣೆ ನೇರ ಚೇಂಬರ್‌ಗೆ ಬೀಳುವುದಿಲ್ಲ. ಒಳಗಿನ ಗೇರು, ಬುಷ್ಷುಗಳಿಗೆ ಜಿಡ್ಡು ಕೊಟ್ಟು ಆಮೇಲೆ ಇಳಿಯುತ್ತದೆ. ಆ ದಾರಿ ಕಟ್ಟಿದರೆ ಒಳಗೆ ಒಣ ಒಣ.

ಔಂಧ್‌ನ ತೇರು

ಮಾಮ, ಗೇರ್ ಬೆಣ್ಣೆಯ ಹಾಗೆ ಬೀಳುತ್ತದೆ ಅಂತ ನಾನು ಹೆಮ್ಮೆಯಿಂದ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಹೊಟ್ಟೆ ಉರಿಯಿತು. ಹರಿವು ಅಳೆಯುವುದು ಹೇಗೆ?

ಮಾಟುಂಗಾ ಮಾಮ

727ರಲ್ಲಿ ಎರಡು ಪೈಪ್ ಇವೆ. ಮುಂದಿನದು ಕೂಲರ್‌ಗೆ ಹೋಗುವುದು, ಹಿಂದಿನದು ವಾಪಸ್ ಬರುವುದು. ಹಿಂದಿನದನ್ನು ಗೇರ್‌ಬಾಕ್ಸ್ ಹತ್ತಿರ ಬಿಚ್ಚಿ ಒಂದು ಅಳತೆ ಡಬ್ಬಿಗೆ ಬಿಡು. ಚಕ್ರಕ್ಕೆ ಕಲ್ಲು ಕೊಡು, ಹ್ಯಾಂಡ್‌ಬ್ರೇಕ್ ಎಳಿ, ನ್ಯೂಟ್ರಲ್‌ನಲ್ಲಿ ಇಡು. ಒಳಗೆ ಒಬ್ಬ ಇಂಜಿನ್ ಚಾಲೂ ಮಾಡಲಿ, ನೀನು ಗಡಿಯಾರ ನೋಡು. ರೇಸ್ ಕೊಡಬಾರದು. 20 ಸೆಕೆಂಡಿಗೆ ಒಂದು ಕ್ವಾರ್ಟ್, ಅಂದರೆ ನಮ್ಮ ಒಂದು ಲೀಟರಿಗೆ ಸ್ವಲ್ಪ ಕಮ್ಮಿ, ಬರಬೇಕು. ಬಂದ ತಕ್ಷಣ ಇಂಜಿನ್ ಬಂದ್ ಮಾಡಿಸು, ಇಲ್ಲದಿದ್ದರೆ ಪಂಪು ಗಾಳಿ ಹೀರುತ್ತದೆ. ಹೋದಷ್ಟು ಎಣ್ಣೆ ವಾಪಸ್ ತುಂಬು.

ಮಾಪ್ಸಾ ಮಳೆಗಾಲ (ಗೋವಾ)

ಮಾರಾಯ್ರೇ, ನಮ್ಮ ಕತೆಯನ್ನೂ ಕೇಳಿ. ಗೆಳೆಯನ ಹತ್ತಿರ ಹಳೇ ಶೆವರ್ಲೆ ಕ್ಯಾಂಪರ್ ಒಂದಿತ್ತು. ಅದಕ್ಕೂ ಹೀಗೇ ಫಿಲ್ಟರ್ ಹಾಕಿದೆವು. ಉಕ್ಕಿನ ಪೈಪನ್ನು ಆಕ್ಸಾ ಬ್ಲೇಡಿನಲ್ಲಿ ಕತ್ತರಿಸಿ, ಪೆಟ್ರೋಲ್ ಹೋಸ್ ತುರುಕಿ, ಕ್ಲಾಂಪ್ ಬಿಗಿದು, ಚಾ ಕುಡಿದು ಹೊರಟದ್ದು. ಅನಮೋಡ್ ಘಾಟಿಯ ಅರ್ಧದಲ್ಲಿ ಹಿಂದಿನ ಬೈಕಿನವ ಹಾರ್ನ್ ಮೇಲೆ ಹಾರ್ನ್. ಇಳಿದು ನೋಡಿದರೆ ರಸ್ತೆ ತುಂಬಾ ಕೆಂಪು. ನಾಯಿ ಕೋಳಿ ಏನೋ ಸತ್ತಿರಬೇಕು ಅಂತ ಹೆದರಿದೆ. ಎಲ್ಲ ಗೇರ್‌ಬಾಕ್ಸಿನ ಎಣ್ಣೆ. ಹೋಸ್ ಕಳಚಿಕೊಂಡಿತ್ತು.

ತಪ್ಪು ಎರಡು. ಪೆಟ್ರೋಲ್ ಹೋಸ್ ಆ ಬಿಸಿ ಎಣ್ಣೆಗೆ ಆಗಿಬರುವುದಿಲ್ಲ, ಮೆತ್ತಗಾಗುತ್ತದೆ. ಮತ್ತೆ ಪೈಪಿನ ತುದಿ ನುಣುಪಾಗಿತ್ತು. ತುದಿಯಲ್ಲಿ ಬಳೆಯ ಹಾಗೆ ಒಂದು ಉಬ್ಬು ಮಾಡಿಸಬೇಕು, ಆಗ ಕ್ಲಾಂಪಿಗೆ ಹಿಡಿತ ಸಿಗುತ್ತದೆ. ನಮ್ಮ ಪುಣ್ಯ, ಎಣ್ಣೆ ಸೈಲೆನ್ಸರ್ ಪೈಪಿನ ಮೇಲೆ ಬೀಳಲಿಲ್ಲ. ಬಿದ್ದಿದ್ದರೆ ಬೆಂಕಿ.

ಭೋಸರಿ ಲೇತ್ (ಪುಣೆ)

ತೇರಿನ ಸರ್, ರಬ್ಬರ್ ಹೋಸಿಗೆ ಕ್ಲಾಂಪ್ ಹಾಕುವ ಗೋಜೇ ಬೇಡರೀ. ಭೋಸರಿಯಲ್ಲಿ ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿ ಬೇಕಾದಷ್ಟಿವೆ. ಜೆಸಿಬಿಯವರು ಬಂದು ನಿಲ್ಲುತ್ತಾರಲ್ಲ, ಅವೇ. ಉದ್ದ ಹೇಳಿದರೆ ಎರಡೂ ತುದಿಗೆ ಫಿಟಿಂಗ್ ಇಟ್ಟು ಮಷೀನಿನಲ್ಲಿ ಒತ್ತಿ ಕೊಡುತ್ತಾರೆ. ಒಳಪದರ ಎಣ್ಣೆಗೆ ಅಂತಲೇ ಮಾಡಿದ ನೈಟ್ರೈಲ್ ರಬ್ಬರು. ಆ ಹೋಸು ಸಾಮಾನ್ಯವಾಗಿ 100 ಡಿಗ್ರಿ ತನಕ ತಾಳುತ್ತದೆ. ನಿಮ್ಮ 115 ಮೊದಲು ಕೆಳಗೆ ಇಳಿಯಬೇಕು, ಅದು ಬೇರೆ ಮಾತು.

ತ್ರೆಡ್ ಕಡೆ ಲಕ್ಷ್ಯ ಇರಲಿ. ನಿಮ್ಮ ಗಾಡಿ ಅಮೆರಿಕದ್ದು, ಗೇರ್‌ಬಾಕ್ಸಿನಲ್ಲಿರುವುದು 1/8 ಎನ್‌ಪಿಟಿ, ಅಮೆರಿಕದ ಪೈಪ್ ತ್ರೆಡ್. ಇಂಚಿಗೆ 27 ಹಲ್ಲು. ನಮ್ಮ ಮಾರ್ಕೆಟ್ಟಿನಲ್ಲಿ ಕೈಗೆ ಸಿಗುವುದು 1/8 ಬಿಎಸ್‌ಪಿ, ಬ್ರಿಟಿಷ್ ಪೈಪ್ ತ್ರೆಡ್, ಇಂಚಿಗೆ 28 ಹಲ್ಲು. ಎರಡು ಮೂರು ಸುತ್ತು ಸರಾಗ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಕೂತಿತು ಅಂತ ಇನ್ನೊಂದು ಸುತ್ತು ಎಳೆದರೆ ಮುಗಿಯಿತು. ಗೇರ್‌ಬಾಕ್ಸಿನ ಬಾಡಿ ಅಲ್ಯೂಮಿನಿಯಂ, ಸೀಳುತ್ತದೆ. ಹಾಗೆಯೇ ಫ್ಲೇರ್, ಅಂದರೆ ತುತ್ತೂರಿಯ ಹಾಗೆ ಅಗಲಿಸಿದ ಪೈಪಿನ ತುದಿ. ಗಾಡಿಯ ಪೈಪು 45 ಡಿಗ್ರಿ, ಹೈಡ್ರಾಲಿಕ್ ಅಂಗಡಿಯ ಜೆಐಸಿ ನಮೂನೆಯ ಫಿಟಿಂಗ್ 37 ಡಿಗ್ರಿ. ಒಂದಕ್ಕೊಂದು ಜೋಡಿಸಬೇಡಿ. ಪೈಪಿನ ದಪ್ಪ ವರ್ನಿಯರಿನಲ್ಲಿ ಅಳೆಯಿರಿ. 5/16 ಇಂಚಾದರೆ 7.9 ಮಿಲಿಮೀಟರ್ ಬರುತ್ತದೆ.

ಇನ್ನೊಂದು ಮಾತು. ಫ್ಲೇರ್ ಜೋಡಣೆಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅಲ್ಲಿ ಸೀಲ್ ಆಗುವುದು ಲೋಹಕ್ಕೆ ಲೋಹ ಒತ್ತಿ. ಟೇಪಿನ ಚೂರು ಒಳಗೆ ಹೋದರೆ ವಾಲ್ವ್‌ಬಾಡಿಯಲ್ಲಿ, ಅಂದರೆ ಗೇರ್ ಬದಲಿಸುವ ಎಣ್ಣೆ ದಾರಿಗಳಲ್ಲಿ, ಕೂತು ಕಾಡುತ್ತದೆ.

ಔಂಧ್‌ನ ತೇರು

ಅಳೆದೆ. ನನಗೇ ನಂಬಿಕೆ ಬರಲಿಲ್ಲ, ಎಣ್ಣೆ ತುಂಬಿ ಎರಡು ಸಲ ಅಳೆದೆ. ಲೀಟರಿನ ಹತ್ತಿರ ಬರಲು 55 ಸೆಕೆಂಡ್!

ಗಾಡಿಯ ಕೆಳಗೆ ಟಾರ್ಚ್ ಹಿಡಿದು ಪೈಪಿನ ಗುಂಟ ಹೋದೆ. ರೇಡಿಯೇಟರ್‌ಗೆ ಒಂದು ಗೇಣು ಇರುವಾಗ ಪೈಪು ಅಪ್ಪಚ್ಚಿ. ಯಾರೋ ಪುಣ್ಯಾತ್ಮರು ಜಾಕ್ ಇಟ್ಟಿದ್ದಾರೆ. ಚಪಾತಿಯಷ್ಟಲ್ಲ, ಆದರೆ ಬೆರಳಿಟ್ಟರೆ ಗೊತ್ತಾಗುವಷ್ಟು. ಎರಡು ವರ್ಷದಿಂದ ಹೀಗೇ ಇತ್ತೋ ಏನೋ. ಥ್ರಾಟಲ್ ಕಡ್ಡಿಯಲ್ಲೂ ಆಟ ಇತ್ತು, ಬುಷ್ ಸವೆದುಹೋಗಿದೆ. ಮಾಮ ಹೇಳಿದ್ದು ಎರಡಕ್ಕೆ ಎರಡೂ ಸರಿ.

ಮಾಟುಂಗಾ ಮಾಮ

ಅದಕ್ಕೇ ಹೇಳಿದ್ದು. ಇದರ ಮೇಲೆ ಫಿಲ್ಟರ್ ಬೇರೆ ಕೂರಿಸಿದ್ದರೆ ಇರುವ ಹರಿವೂ ಹೋಗುತ್ತಿತ್ತು. ಪೈಪ್ ಹೊಸದು ಹಾಕು, ಮತ್ತೆ ಅಳೆ, 20ರ ಆಸುಪಾಸು ಬಂದ ಮೇಲೆ ಫಿಲ್ಟರ್. ಹಾಕಿದ ಮೇಲೂ ಒಂದು ಸಲ ಅಳೆ.

ಇನ್ನು ನೀನು ಮೊದಲು ಕೇಳಿದ್ದು, ಎಲ್ಲಿ ಅಂತ. ನನ್ನ ಮತ ವಾಪಸ್ ಪೈಪಿನಲ್ಲಿ, ಕೂಲರ್ ಆದ ಮೇಲೆ. ಕೂಲರ್ ಹೊಟ್ಟೆಯಲ್ಲಿ ಹಳೇ ಕಸ ಕೂತಿರುತ್ತದೆ. ತೊಳೆದರೂ ಪೂರಾ ಬರುವುದಿಲ್ಲ. ಯಾವತ್ತೋ ಒಂದು ದಿನ ಬಿಟ್ಟುಕೊಂಡರೆ ಫಿಲ್ಟರ್ ಹಿಡಿಯಲಿ. ಎಣ್ಣೆಯೂ ಅಲ್ಲಿ ಸ್ವಲ್ಪ ತಣ್ಣಗಿರುತ್ತದೆ. ಕೂಲರ್‌ಗೆ ಮೊದಲು ಹಾಕಿದರೆ ಕೂಲರ್ ಕಟ್ಟುವುದಿಲ್ಲ ಅನ್ನುವವರೂ ಇದ್ದಾರೆ. ಅದೂ ಸುಳ್ಳಲ್ಲ. ನಾನಾದರೆ ಕೂಲರ್‌ಗಿಂತ ಗೇರ್‌ಬಾಕ್ಸ್ ಉಳಿಸಿಕೊಳ್ಳುತ್ತೇನೆ.

ಪಿಂಪ್ರಿ ಪಾನಾ (ಪುಣೆ)

ಪೈಪಿನಲ್ಲೇ ಕೂರುವ ಮ್ಯಾಗ್ನೆಫೈನ್ ತರಹದ್ದು ನಾನು ನನ್ನ ಆಟೋ ಗೇರ್ ಕಾರಿಗೆ ಹಾಕಿದ್ದೇನೆ. ಒಳಗೆ ಮ್ಯಾಗ್ನೆಟ್ ಇದೆ, ಬೈಪಾಸ್ ವಾಲ್ವ್ ಕೂಡ ಇದೆ. ಫಿಲ್ಟರ್ ಕಟ್ಟಿದರೂ ಎಣ್ಣೆ ಸುತ್ತು ಹಾಕಿ ದಾಟುತ್ತದೆ. ತರಿಸಲು ದಿನ ಹಿಡಿಯುತ್ತದೆ ಅಷ್ಟೆ.

ತೇರಿನವರಿಗೆ ಡಬ್ಬಿ ಫಿಲ್ಟರೇ ಒಳ್ಳೆಯದು ಅನಿಸುತ್ತದೆ. ಕಿಟ್‌ಗಳ ತಲೆಯಲ್ಲಿ ಹೆಚ್ಚಾಗಿ ಬರುವುದು ಮುಕ್ಕಾಲು ಇಂಚು, 16 ಹಲ್ಲಿನ ತ್ರೆಡ್. ನಿಮ್ಮ 440 ಇಂಜಿನಿನ ಆಯಿಲ್ ಫಿಲ್ಟರೂ ಅದೇ ತ್ರೆಡ್. ಒಂದೇ ನಮೂನೆ ನಾಲ್ಕು ತಂದಿಟ್ಟರೆ ಎರಡಕ್ಕೂ ಆಯಿತು. ಆದರೆ ಬೈಪಾಸ್ ಇರುವುದನ್ನೇ ತನ್ನಿ. ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ಬ್ಲಾಕಿನಲ್ಲೇ ಇರುತ್ತದೆ, ಅವುಗಳ ಫಿಲ್ಟರ್ ಒಳಗೆ ಇರುವುದಿಲ್ಲ. ತ್ರೆಡ್ ಕೂತಿತು ಅಂತ ಅದನ್ನು ತಂದು ಹಾಕಿದರೆ, ಕಟ್ಟಿದ ದಿನ ಮಾಮ ಹೇಳಿದ ಒಣ ಒಣ.

ನಾನು ಮಾಡಿದ ಮೂರ್ಖತನ ಬೇರೆಯದು. ಒಬ್ಬರ ಗಾಡಿಗೆ ಒಳಗೆ ಹೋಗುವ ಪೈಪು, ಹೊರಗೆ ಬರುವ ಪೈಪು ಅದಲುಬದಲು ಮಾಡಿದ್ದೆ. ಡಬ್ಬಿಯ ಅಂಚಿನ ಸಣ್ಣ ತೂತುಗಳಿಂದ ಎಣ್ಣೆ ಒಳಗೆ, ನಡುವಿನ ದೊಡ್ಡ ತೂತಿನಿಂದ ಹೊರಗೆ. ಅಂಚಿನ ತೂತುಗಳ ಹಿಂದೆ ರಬ್ಬರಿನ ಒಂದು ಪರದೆ ಇರುತ್ತದೆ. ಎಣ್ಣೆ ಹಿಂದಕ್ಕೆ ಇಳಿಯದಿರಲಿ ಅಂತ. ಉಲ್ಟಾ ಜೋಡಿಸಿದರೆ ಆ ಪರದೆಯೇ ಬಾಗಿಲು ಹಾಕಿಕೊಳ್ಳುತ್ತದೆ. ತಲೆಯ ಮೇಲೆ ಬಾಣದ ಗುರುತು ಇದೆಯಾ ನೋಡಿ. ಇಲ್ಲದಿದ್ದರೆ ಬಾಯಿಂದ ಊದಿ ನೋಡಿ, ಗೊತ್ತಾಗುತ್ತದೆ.

ಡೊಂಬಿವಲಿ 8.13 ಲೋಕಲ್

ಇದು 1975ರ ಗಾಡಿ, ಅಂದರೆ 50 ವರ್ಷ ದಾಟಿತು. 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿಗೆ ಹಾಕುವ ಯೋಚನೆ ಇದ್ದರೆ ಮಾರ್ಪಾಡು ಮಾಡಬಾರದು ಅಲ್ವಾ? ಫಿಲ್ಟರ್ ತೊಂದರೆ ಕೊಡುತ್ತದಾ?

ಪಿಂಪ್ರಿ ಪಾನಾ

ನಿಯಮ ಹೇಳುವುದು ಚಾಸಿ, ಬಾಡಿ, ಇಂಜಿನ್ ಬದಲಾವಣೆಯ ಬಗ್ಗೆ. ಆದರೂ ಚಾಸಿಗೆ ಡ್ರಿಲ್ ಹಾಕುವುದು ಬೇಡ. ಯು-ಬೋಲ್ಟ್ ಹಾಕಿ ಬ್ರಾಕೆಟ್ ಕೂರಿಸಿ. ನಾಳೆ ಬಿಚ್ಚಿದರೂ ಗುರುತು ಉಳಿಯುವುದಿಲ್ಲ. ಅಂದಹಾಗೆ, ವಿಂಟೇಜ್ ನಂಬರ್ ಬಂದ ಮೇಲೆ ದಿನಬಳಕೆಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್ಯಾಲಿ, ರಿಪೇರಿ, ಪೆಟ್ರೋಲ್, ಅಷ್ಟೇ. ಅದನ್ನು ಯೋಚಿಸಿ ಅರ್ಜಿ ಹಾಕಿ.

ಮಾಪ್ಸಾ ಮಳೆಗಾಲ

ಬ್ರಾಕೆಟ್ ಚಾಸಿಯ ಮಟ್ಟಕ್ಕಿಂತ ಕೆಳಗೆ ಇಳಿಯಬಾರದು. ನಿಮ್ಮ ಪುಣೆಯ ಸ್ಪೀಡ್ ಬ್ರೇಕರ್ ನಾನು ನೋಡಿದ್ದೇನೆ, ಅವು ಬ್ರೇಕರ್ ಅಲ್ಲ, ಗುಡ್ಡ. ಸೈಲೆನ್ಸರ್ ಪೈಪಿನಿಂದ ದೂರ ಇರಲಿ. ಡಬ್ಬಿಯ ಬಾಯಿ ಮೇಲೆ ಬರುವ ಹಾಗೆ ನಿಲ್ಲಿಸಿದರೆ ಬಿಚ್ಚುವಾಗ ಮೊಣಕೈವರೆಗೆ ಎಣ್ಣೆ ಇಳಿಯುವುದಿಲ್ಲ.

ಎಣ್ಣೆ ಯಾವತ್ತಾದರೂ ಪಂಚಗಣಿಯ ಸ್ಟ್ರಾಬೆರಿ ಕ್ರೀಮಿನ ಹಾಗೆ ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ. ರೇಡಿಯೇಟರ್ ಒಳಗಿನ ಕೂಲರ್ ತೂತಾಗಿ ನೀರು ಸೇರಿದೆ ಅಂತ ಅರ್ಥ. ಅದಕ್ಕೆ ಯಾವ ಫಿಲ್ಟರೂ ಇಲ್ಲ.

ಔಂಧ್‌ನ ತೇರು

ಕೆಲಸ ಮುಗಿಯಿತು! ಹೊಸ ಪೈಪು, ಥ್ರಾಟಲ್ ಕಡ್ಡಿಗೆ ಹೊಸ ಬುಷ್ಷು, ಭೋಸರಿ ಹೋಸು, ಡಬ್ಬಿ ಫಿಲ್ಟರು, ಚೇಂಬರ್ ಒಳಗಿನ ಫಿಲ್ಟರ್ ಕೂಡ ಹೊಸದು. ಕನ್ವರ್ಟರಿನಲ್ಲಿ (ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಡ್ರೈನ್ ಪ್ಲಗ್ ಇತ್ತು, ಅದನ್ನೂ ಖಾಲಿ ಮಾಡಿದೆ. ಪೂರಾ ಎಂಟೂವರೆ ಲೀಟರ್ ಡೆಕ್ಸ್‌ರಾನ್ (ಆಟೋ ಗೇರ್‌ಬಾಕ್ಸ್ ಎಣ್ಣೆ) ಹಿಡಿಯಿತು. ಎಣ್ಣೆಗೆ ತಿರುಗಾಡಬೇಕಾಗಲಿಲ್ಲ, ಪವರ್ ಸ್ಟೇರಿಂಗಿಗೆ ಅಂತ ಎಲ್ಲಾ ಅಂಗಡಿಯಲ್ಲೂ ಇಡುತ್ತಾರೆ. ಫಿಲ್ಟರ್ ಹಾಕಿದ ಮೇಲೆ ಹರಿವು 22 ಸೆಕೆಂಡ್.

ಎಲ್ಲ ಜೋಡಿಸಿದ ಮೇಲೆ 20 ನಿಮಿಷ ಇಂಜಿನ್ ಬಿಟ್ಟು ಕೆಳಗೆ ರಟ್ಟು ಹಾಸಿ ನೋಡಿದೆ. ಒಂದು ಹನಿ ಇಲ್ಲ. ನಾಳೆ ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ಧಾರವಾಡಕ್ಕೆ.

ಮಾಟುಂಗಾ ಮಾಮ

ನಿಲ್ಲು ನಿಲ್ಲು. ಆ 20 ನಿಮಿಷ ಪಾರ್ಕ್‌ನಲ್ಲಿತ್ತಾ, ನ್ಯೂಟ್ರಲ್‌ನಲ್ಲಿತ್ತಾ?

ಔಂಧ್‌ನ ತೇರು

ಪಾರ್ಕ್. ಗಾಡಿ ಉರುಳಿ ನೆರೆಯವರ ಕಾಂಪೌಂಡ್ ಕೆಡವುವುದು ಬೇಡ ಅಂತ.

ಮಾಟುಂಗಾ ಮಾಮ

ಹಾಗಾದರೆ ನೀನು ಏನನ್ನೂ ಪರೀಕ್ಷೆ ಮಾಡಿಲ್ಲ. ಈ ಹಳೇ ಟಾರ್ಕ್‌ಫ್ಲೈಟುಗಳಲ್ಲಿ ಪಾರ್ಕ್‌ನಲ್ಲಿದ್ದರೆ ಕನ್ವರ್ಟರಿಗೂ ಎಣ್ಣೆ ಹೋಗುವುದಿಲ್ಲ, ಕೂಲರಿಗೂ ಹೋಗುವುದಿಲ್ಲ. ಬೇರೆ ಕಂಪನಿ ಗೇರ್‌ಬಾಕ್ಸ್ ನೋಡಿದವರು ಇಲ್ಲೇ ಎಡವುವುದು. ಒಂದು ವಾರ ನಿಂತ ಗಾಡಿಯನ್ನೂ ನ್ಯೂಟ್ರಲ್‌ನಲ್ಲೇ ಬಿಸಿ ಮಾಡಬೇಕು. ಎಣ್ಣೆಯ ಮಟ್ಟ ನೋಡುವುದೂ ಹಾಗೇ, ಬಿಸಿ ಇರುವಾಗ, ಇಂಜಿನ್ ಚಾಲೂ ಇಟ್ಟು, ನ್ಯೂಟ್ರಲ್‌ನಲ್ಲಿ. ಕಲ್ಲು ಕೊಟ್ಟು ಮತ್ತೆ ನೋಡು.

ಔಂಧ್‌ನ ತೇರು

ರಾತ್ರಿ ಹತ್ತೂವರೆ. ನ್ಯೂಟ್ರಲ್‌ಗೆ ಹಾಕಿ ಮೂರು ನಿಮಿಷ ಆಗಿರಲಿಲ್ಲ, ಫಿಲ್ಟರ್ ತಲೆಯ ಹತ್ತಿರದ ಫ್ಲೇರ್‌ನಿಂದ ಟಪ್ ಟಪ್. ಬಿಚ್ಚಿ, ಒರೆಸಿ, ಮತ್ತೆ ಬಿಗಿದೆ. ಈಗ ಅರ್ಧ ಗಂಟೆಯಾಯಿತು, ರಟ್ಟು ಒಣಗಿದೆ. ಧಾರವಾಡ ಒಂದು ದಿನ ಮುಂದಕ್ಕೆ. ಅಮ್ಮ ಮಾಡಿಟ್ಟ ರೊಟ್ಟಿ ಇಲ್ಲೇ ತಿನ್ನುತ್ತಿದ್ದೇವೆ.

ಔಂಧ್‌ನ ತೇರು (ಹದಿನೈದು ದಿನ ಬಿಟ್ಟು)

ಹೋಗಿ ಬಂದೆವು. 870 ಕಿಲೋಮೀಟರ್. ಖಂಬಾಟ್ಕಿಯಲ್ಲಿ 92 ಡಿಗ್ರಿ ದಾಟಲಿಲ್ಲ, ಸಪಾಟು ರಸ್ತೆಯಲ್ಲಿ 80ರ ಹತ್ತಿರ. ಗೇರ್ ಈಗ ಬೆಣ್ಣೆಯ ಹಾಗೆ ಬೀಳುವುದಿಲ್ಲ, ಬಿದ್ದದ್ದು ಬೆನ್ನಿಗೆ ಗೊತ್ತಾಗುತ್ತದೆ. ನಿಪ್ಪಾಣಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಸುತ್ತ ಮೂವತ್ತು ಜನ. ಒಬ್ಬರು ಇದು ಸರ್ಕಸ್ಸಿನ ಗಾಡಿಯಾ ಅಂತ ಕೇಳಿದರು.

ಬಂದ ಮೇಲೆ ಫಿಲ್ಟರ್ ತೆಗೆದು ಕತ್ತರಿಸಿ ನೋಡೋಣ ಅಂತಿದ್ದೇನೆ. ಆಕ್ಸಾ ಬ್ಲೇಡ್ ನಡೆಯುತ್ತದಾ?

ಭೋಸರಿ ಲೇತ್

ಆಕ್ಸಾ ಬೇಡರೀ ಸರ್. ಬ್ಲೇಡಿನ ಪುಡಿಯೇ ಒಳಗೆ ಬಿದ್ದು, ಅದನ್ನೇ ನೋಡಿ ಗೇರ್‌ಬಾಕ್ಸ್ ಹೋಯಿತು ಅಂತ ಅಳುತ್ತೀರಿ. ಇಲ್ಲಿಗೆ ತನ್ನಿ. ಚೂಪು ಚಕ್ರ ಒತ್ತಿ ತಿರುಗಿಸಿದರೆ ಡಬ್ಬಿ ಬಾಯಿ ಬಿಡುತ್ತದೆ, ಚಕ್ಕೆ ಏಳುವುದಿಲ್ಲ.

ಔಂಧ್‌ನ ತೇರು

ಇವತ್ತು ಭೋಸರಿಯಲ್ಲಿ ಕತ್ತರಿಸಿದೆವು. ಮಡಿಕೆ ಕಾಗದವನ್ನು ಬಿಡಿಸಿ ಬಿಳಿ ಬಟ್ಟೆಯ ಮೇಲೆ ಒತ್ತಿ, ಕೆಳಗೆ ಮ್ಯಾಗ್ನೆಟ್ ಆಡಿಸಿದೆವು. ಬೂದು ಪುಡಿ ಸ್ವಲ್ಪ, ಮ್ಯಾಗ್ನೆಟ್ಟಿಗೆ ಹತ್ತಿತು. ಕರಿ ಚುಕ್ಕೆ ಏಳೆಂಟು. ಹಿತ್ತಾಳೆ ಬಣ್ಣದ ಮಿಂಚು ಇಲ್ಲ, ಬುಷ್ಷುಗಳು ಕ್ಷೇಮ. ಮೊದಲಿನ ಕಸಕ್ಕೆ ಹೋಲಿಸಿದರೆ ಏನೂ ಅಲ್ಲ.

ಜೊತೆಗೆ ಒಂದು ಬಿಳಿ ದಾರದ ಚೂರು ಸಿಕ್ಕಿತು. ಬೆರಳಿನ ಉಗುರಿನಷ್ಟು ಉದ್ದ, ಎಳೆದರೆ ಹಿಗ್ಗುತ್ತದೆ. ಗೇರ್‌ಬಾಕ್ಸ್ ಒಳಗೆ ಬಿಳಿ ಯಾವುದಿದೆ ಮಾಮ?

ಮಾಟುಂಗಾ ಮಾಮ

ಗೇರ್‌ಬಾಕ್ಸ್ ಒಳಗೆ ಬಿಳಿ ಏನೂ ಇಲ್ಲ. ರಾತ್ರಿ ಹತ್ತೂವರೆಗೆ ಟಪ್ ಟಪ್ ಅಂತಿದ್ದ ಫ್ಲೇರ್‌ಗೆ ಏನು ಸುತ್ತಿದ್ದೆ?

ಔಂಧ್‌ನ ತೇರು

ಒಂದೇ ಒಂದು ಸುತ್ತು ಮಾಮ.

ಭೋಸರಿ ಲೇತ್

ನನ್ನ ಎದುರಿಗೇ ಕತ್ತರಿಸಿ, ಇದು ಯಾವ ದಾರ ಅಂತ ನನ್ನನ್ನೇ ಕೇಳಿದರಲ್ರೀ ಸರ್. ಸೋಮವಾರ ಗಾಡಿ ತನ್ನಿ, ಆ ಫ್ಲೇರ್ ಹೊಸದಾಗಿ ಒತ್ತಿಕೊಡುತ್ತೇನೆ. ಟೇಪಿನ ಸುರುಳಿ ಮನೆಯಲ್ಲೇ ಬಿಟ್ಟು ಬನ್ನಿ.